ಎಂಜಿನಿಯರ್‌ಗೆ ವೃತ್ತಿಸಂಸ್ಥೆಯ ಸದಸ್ಯತ್ವ: ವರ್ಷವರ್ಷ ಚಂದಾ ಕಟ್ಟೋದು ಸಾರ್ಥಕವೇ?

ಪ್ರಶ್ನೆ
ಪಂಪ್, ಪೈಪಿಂಗ್ ಡಿಸೈನ್ ಕೆಲಸ, ಆರು ವರ್ಷದ ಅನುಭವ. ಚಂದಾ ಕಟ್ಟಿದರೆ ಹೆಸರಿನ ಪಕ್ಕ ನಾಲ್ಕು ಅಕ್ಷರ ಸೇರುವುದು ಬಿಟ್ಟು ಇನ್ನೇನು ಸಿಗುತ್ತದೆ? ಕೋಡ್ (ತಾಂತ್ರಿಕ ನಿಯಮಾವಳಿ) ಪುಸ್ತಕಗಳು ಪುಕ್ಕಟೆ ಸಿಗುತ್ತವೆಯೇ? ಚಾರ್ಟರ್ಡ್ ಎಂಜಿನಿಯರ್ (ಅರ್ಹತೆ ಅಳೆದು ಕೊಡುವ ವೃತ್ತಿ ಬಿರುದು) ಆಗಲು ಎಲ್ಲಿಂದ ಶುರು ಮಾಡಬೇಕು?

ಉತ್ತರ 1
ಕೋಡ್‌ಗಳ ಆಸೆಗೆ ಸೇರುವುದಾದರೆ ಬೇಡ ಸರ್. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ ಎಎಸ್‌ಎಂಇ ಸದಸ್ಯರಾದರೂ ಬಾಯ್ಲರ್ ಕೋಡನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಸಂಸ್ಥೆ ಐಇಇಇ ಸೇರಿದ ಮಾತ್ರಕ್ಕೆ ಅದರ ಆನ್‌ಲೈನ್ ಎಕ್ಸ್‌ಪ್ಲೋರ್ ಲೈಬ್ರರಿ ಪೂರ್ತಿ ತೆರೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆ ಚಂದಾ.

ಸದಸ್ಯತ್ವ ಬೇರೆ, ಲೈಸೆನ್ಸ್ ಬೇರೆ. ಅಮೆರಿಕದಲ್ಲಿ ಡ್ರಾಯಿಂಗ್ ಮೇಲೆ ಸೀಲ್ ಹಾಕುವ ಹಕ್ಕು ಕೊಡುವುದು ಆಯಾ ರಾಜ್ಯದ ಲೈಸೆನ್ಸಿಂಗ್ ಬೋರ್ಡ್. ಯಾವ ಸೊಸೈಟಿಯ ಕಾರ್ಡೂ ಅಲ್ಲಿ ನಡೆಯದು. ಬ್ರಿಟನ್ನಿನಲ್ಲಿ ಎರಡಕ್ಕೂ ಗಂಟು ಬಿದ್ದಿದೆ. ಚಾರ್ಟರ್ಡ್ ಎಂಜಿನಿಯರ್‌ಗಳ ರಿಜಿಸ್ಟರ್ ಎಂಜಿನಿಯರಿಂಗ್ ಕೌನ್ಸಿಲ್‌ನದು, ಅಭ್ಯರ್ಥಿಯನ್ನು ಅಳೆದು ನೋಡುವುದು ಇನ್‌ಸ್ಟಿಟ್ಯೂಷನ್ ಆಫ್ ಮೆಕ್ಯಾನಿಕಲ್ ಎಂಜಿನಿಯರ್ಸ್‌ನಂಥ ಸಂಸ್ಥೆ. ಸದಸ್ಯತ್ವ ಬಿಟ್ಟರೆ ಆ ಬಿರುದೂ ಹೋಯಿತು.

ಉತ್ತರ 2
ಚಾರ್ಟರ್ಡ್ ಆಗುವ ಯೋಚನೆಯಿದ್ದರೆ ಇವತ್ತಿನಿಂದಲೇ ಕೆಲಸದ ಟಿಪ್ಪಣಿ ಬರೆದಿಡಿ. ಎಂಜಿನಿಯರಿಂಗ್ ಕೌನ್ಸಿಲ್‌ನ ಅರ್ಹತಾ ಮಾನದಂಡವಾದ ಯುಕೆ-ಸ್ಪೆಕ್ ಐದು ವಿಭಾಗಗಳಲ್ಲಿ ಪುರಾವೆ ಕೇಳುತ್ತದೆ: ತಾಂತ್ರಿಕ ಜ್ಞಾನ, ವಿನ್ಯಾಸ, ಹೊಣೆಗಾರಿಕೆ, ಸಂವಹನ, ವೃತ್ತಿಬದ್ಧತೆ. ಆಫೀಸ್ ರಿಪೋರ್ಟಿನ ‘ಮಾಡಲಾಯಿತು’ ಧಾಟಿ ಇಲ್ಲಿ ಮುಳುವಾಗುತ್ತದೆ. ‘ಪಂಪ್‌ಹೌಸ್ ಪೈಪ್‌ಲೈನ್ ವಿನ್ಯಾಸ ಮಾಡಲಾಯಿತು’ ಅಂದರೆ ಮಾಡಿದ್ದು ಯಾರು? ಹೀಗೆ ಬರೆಯಿರಿ: ‘250 ಮಿ.ಮೀ. ಬದಲು 300 ಮಿ.ಮೀ. ಪೈಪ್ ಆರಿಸಿದೆ. ಅಷ್ಟೇ ಹರಿವಿಗೆ ಫ್ರಿಕ್ಷನ್ ಲಾಸ್ (ಘರ್ಷಣೆಯ ನಷ್ಟ) ಮೊದಲಿದ್ದುದರ ಸುಮಾರು ಶೇ. 40ಕ್ಕೆ ಇಳಿಯಿತು. ಪೈಪಿನ ಹೆಚ್ಚುವರಿ ಖರ್ಚು ವಿದ್ಯುತ್ ಉಳಿತಾಯದಲ್ಲಿ ಎಷ್ಟು ವರ್ಷಕ್ಕೆ ಹುಟ್ಟುತ್ತದೆಂದು ಲೆಕ್ಕ ಹಾಕಿ ಒಪ್ಪಿಗೆ ಪಡೆದೆ.’

ಸಂದರ್ಶನದಲ್ಲಿ ಕೆದಕುವುದು ಇದನ್ನೇ. 350 ಯಾಕೆ ಬೇಡವೆನಿಸಿತು? ವೇಗ ತೀರಾ ಕುಸಿದು ಪೈಪಿನಲ್ಲಿ ಹೂಳು ಕೂರುತ್ತಿತ್ತೇ? ಉತ್ತರ ನಿಮ್ಮದೇ ಲೆಕ್ಕದ ಹಾಳೆಯಲ್ಲಿ, ತಾರೀಖಿನ ಸಮೇತ ಇರಬೇಕು.

ಪ್ರಶ್ನೆ ಕೇಳಿದವರು
ಚಾರ್ಟರ್ಡ್ ಗೊಡವೆಯೇ ಬೇಡ ಅನ್ನುವವರಿಗೆ ಸೇರುವುದು ದಂಡವೇ ಹಾಗಾದರೆ?

ಉತ್ತರ 3
ಸುಮ್ಮನೆ ಕಾರ್ಡ್ ಇಟ್ಟುಕೊಂಡಿದ್ದರೆ ದಂಡವೇ. ತಮಾಷೆಯೆಂದರೆ, ಎಎಸ್‌ಎಂಇ ಕೋಡ್ ಸಮಿತಿಯಲ್ಲಿ ಕೆಲಸ ಮಾಡಲು ಸದಸ್ಯತ್ವ ಕಡ್ಡಾಯವೇ ಅಲ್ಲ! ಕೋಡಿನ ಒಂದು ನಿಯಮ ಯಾಕೆ ಹಾಗಿದೆ ಎನ್ನುವ ಜಗಳ ಕಿವಿಗೆ ಬೀಳುವುದು ಅಲ್ಲೇ. ಪುಸ್ತಕಕ್ಕೆ ಬರುವುದು ತೀರ್ಮಾನ ಮಾತ್ರ.

ಎಲೆಕ್ಟ್ರಿಕಲ್ ಕಡೆಯ ಗೆಳೆಯರಿದ್ದರೆ ಐಇಇಇ ಸೀನಿಯರ್ ಮೆಂಬರ್ ದರ್ಜೆಯ ಬಗ್ಗೆ ಹೇಳಿ. ವೃತ್ತಿಯಲ್ಲಿ 10 ವರ್ಷ, ಅದರಲ್ಲಿ 5 ವರ್ಷ ಗಣನೀಯ ಕೆಲಸ, 3 ಜನರ ಶಿಫಾರಸು. ಎಂಜಿನಿಯರಿಂಗ್ ಪದವಿಯನ್ನೇ 3 ವರ್ಷವೆಂದು ಹಿಡಿಯುತ್ತಾರೆ. ದರ್ಜೆ ಏರಿಸಲು ಪ್ರತ್ಯೇಕ ಶುಲ್ಕವಿಲ್ಲ. ಶಿಫಾರಸು ಮಾಡುವವರಿಗೆ ನಿಮ್ಮ ಕೆಲಸ ಗೊತ್ತಿರಬೇಕು. ಶಾಖೆಯ ಸಭೆಗಳ ಕಡೆ ತಲೆಯೇ ಹಾಕದೆ ಕೊನೆಗೆ ಮೂರು ಹೆಸರು ಹುಡುಕಹೊರಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ.