ವರದಿಯಲ್ಲಿ ನರಕ್ಕೆ ತಡೆ, ಕೈಯಲ್ಲಿ ತೊಂದರೆಯೇ ಇಲ್ಲ: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ಮಣಿಕಟ್ಟಿನ ನೋವಿಗೆಂದು ನರಗಳ ಪರೀಕ್ಷೆ ಮಾಡಿಸಿದೆ. ಕಿರುಬೆರಳಿನ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅಲ್ನಾರ್ ನರಕ್ಕೆ (ಕಿರುಬೆರಳಿನ ಕಡೆಗೆ ಹೋಗುವ ನರ) ವಿದ್ಯುತ್ ಕೊಟ್ಟರು. ಮಣಿಕಟ್ಟಿನಲ್ಲಿ ಕೊಟ್ಟಾಗ ಸ್ನಾಯುವಿನ ಪ್ರತಿಕ್ರಿಯೆ 10 ಮಿಲಿವೋಲ್ಟ್ ಬಂತು. ಮೊಣಕೈಯ ಕೆಳಗೆ ಕೊಟ್ಟಾಗ 6, ಮೇಲೆ ಕೊಟ್ಟಾಗಲೂ 6. 'ಮುಂದೋಳಿನಲ್ಲಿ ನರಕ್ಕೆ ತಡೆ' ಎಂದು ವರದಿ ಬರೆದಿದ್ದಾರೆ. ಕಿರುಬೆರಳು ಜೋಮು ಹಿಡಿದಿಲ್ಲ, ಹಿಡಿತವೂ ಗಟ್ಟಿಯಾಗಿದೆ. ಶಸ್ತ್ರಚಿಕಿತ್ಸೆ ಬೇಕಾಗುತ್ತದೆಯೇ?

ಉತ್ತರ: ಸದ್ಯಕ್ಕೆ ಆ ಮಾತೇ ಬೇಡ. ಮೊಣಕೈಯಲ್ಲಿ ಅಲ್ನಾರ್ ನರ ಒತ್ತಿಕೊಂಡಿದ್ದರೆ ಅಂಕಿ ಸಾಮಾನ್ಯವಾಗಿ ಮೊಣಕೈಯ ಕೆಳಗಿನಿಂದ ಮೇಲಕ್ಕೆ ಹೋಗುವಾಗ ಕುಸಿಯುತ್ತದೆ. ನಿಮ್ಮದು ಅದಕ್ಕೂ ಮೊದಲೇ, ಮುಂದೋಳಿನಲ್ಲೇ ಕುಸಿದಿದೆ. ಹೀಗಿದ್ದಾಗ ನನಗೆ ಮೊದಲು ನೆನಪಾಗುವುದು ಮಾರ್ಟಿನ್-ಗ್ರೂಬರ್ ಜೋಡಣೆ. 1763ರಲ್ಲಿ ಮಾರ್ಟಿನ್, 1870ರಲ್ಲಿ ಗ್ರೂಬರ್ ಇದನ್ನು ವಿವರಿಸಿದರು. ಮೀಡಿಯನ್ ನರದ (ಮುಂದೋಳಿನ ನಡುವೆ ಸಾಗಿ ಅಂಗೈಗೆ ಬರುವ ನರ) ಒಂದಷ್ಟು ತಂತುಗಳು ಮುಂದೋಳಿನಲ್ಲಿ ದಾರಿ ಬದಲಿಸಿ ಅಲ್ನಾರ್ ನರವನ್ನು ಸೇರಿಕೊಳ್ಳುತ್ತವೆ. ಮಣಿಕಟ್ಟಿನಲ್ಲಿ ವಿದ್ಯುತ್ ಕೊಟ್ಟರೆ ಎಲ್ಲ ತಂತುಗಳೂ ಸಿಗುತ್ತವೆ. ಮೊಣಕೈಯಲ್ಲಿ ಕೊಟ್ಟರೆ ಇನ್ನೂ ದಾಟಿ ಬರದಿರುವವು ತಪ್ಪಿಹೋಗುತ್ತವೆ. ಅಂದಾಜು ಐದಾರು ಕೈಗಳಲ್ಲಿ ಒಂದರಲ್ಲಿ ಈ ಜೋಡಣೆ ಇರುತ್ತದೆ. ಇದನ್ನು ರೋಗ ಎನ್ನಲಾಗದು.

ಖಚಿತಪಡಿಸಿಕೊಳ್ಳುವುದು ಸುಲಭ. ಎಲೆಕ್ಟ್ರೋಡ್ ಅಲ್ಲೇ ಇರಲಿ, ಈ ಬಾರಿ ಮೊಣಕೈಯಲ್ಲಿ ಮೀಡಿಯನ್ ನರಕ್ಕೆ ವಿದ್ಯುತ್ ಕೊಡಲಿ. ಕಾಣೆಯಾದ 4 ಮಿಲಿವೋಲ್ಟ್ ಅಲ್ಲಿ ಸಿಗಬೇಕು. ವಿದ್ಯುತ್ತಿನ ಪ್ರಮಾಣ ಹೆಚ್ಚಾದರೆ ಪಕ್ಕದ ಅಲ್ನಾರ್ ನರಕ್ಕೂ ಹರಿದು ಮೋಸವಾಗುತ್ತದೆ. ಅದನ್ನು ನೋಡಿಕೊಂಡು ಮಾಡಲು ಹೇಳಿ. ಒಂದು ವೇಳೆ ಮುಂದೆ ಕಿರುಬೆರಳು ಮರಗಟ್ಟಿದರೆ ಬೇರೆ ಕಾರಣ ಹುಡುಕಬೇಕು, ಏಕೆಂದರೆ ಹೀಗೆ ದಾಟುವವು ಬಹುಮಟ್ಟಿಗೆ ಸ್ನಾಯುಗಳಿಗೆ ಹೋಗುವ ತಂತುಗಳು, ಸ್ಪರ್ಶದವಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ವೈದ್ಯಕೀಯ ವಿದ್ಯಾರ್ಥಿನಿ. ಬೆರಳ ತುದಿಗಳನ್ನು ಮಡಿಸುವ ಆಳದ ಸ್ನಾಯುವಿನಲ್ಲಿ ತೋರುಬೆರಳು, ಮಧ್ಯದ ಬೆರಳಿನ ಭಾಗ ಮೀಡಿಯನ್ ನರದ್ದು, ಉಳಿದೆರಡು ಅಲ್ನಾರ್ ನರದ್ದು ಎಂದು ಓದಿದ್ದೇನೆ. ಶವಚ್ಛೇದನದಲ್ಲಿ ಮಧ್ಯದ ಬೆರಳಿನ ಭಾಗಕ್ಕೂ ಅಲ್ನಾರ್ ನರದ ಕವಲು ಕಂಡಿತು. ನಾನು ಗುರುತಿಸಿದ್ದು ತಪ್ಪೇ?

ಉತ್ತರ: ಇರಲಾರದು. ಸರಿಯಾಗಿ ನಡುವೆ ಗೆರೆ ಎಳೆದವರು ಚಿತ್ರ ಬರೆದವರು, ನರಗಳಿಗೆ ಆ ಗೆರೆಯ ಹಂಗಿಲ್ಲ. ಮಧ್ಯದ ಬೆರಳಿನ ಭಾಗಕ್ಕೆ ಎರಡೂ ನರಗಳು ಬರಬಹುದು, ಉಂಗುರದ ಬೆರಳಿನದಕ್ಕೆ ಮೀಡಿಯನ್ ಬರುವುದೂ ಉಂಟು. ಮೀಡಿಯನ್ ನರದ ಕವಲು ಕೆಟ್ಟು ಹೆಬ್ಬೆರಳು, ತೋರುಬೆರಳುಗಳ ತುದಿ ಮಡಿಸಲಾಗದ ರೋಗಿಯಲ್ಲಿ ಮಧ್ಯದ ಬೆರಳು ಚೆನ್ನಾಗಿಯೇ ಮಡಿಯುವುದನ್ನು ಕಂಡು ಕಿರಿಯ ವೈದ್ಯರು ತಬ್ಬಿಬ್ಬಾಗುತ್ತಾರೆ. ನೀವು ಕಂಡ ಕವಲು ಅದಕ್ಕೊಂದು ಕಾರಣ. ಬೆನ್ನುಹುರಿಯ ಸಿ8, ಟಿ1 ಬೇರುಗಳಿಂದ (ಕತ್ತಿನ ಬುಡದಲ್ಲಿ ಹೊರಡುವ ನರಬೇರುಗಳು) ಹೊರಟ ತಂತುಗಳು ಎರಡೂ ನರಗಳಲ್ಲಿವೆ. ಆದ್ದರಿಂದ ಬೇರು ಅದೇ ಇದ್ದರೂ ಸ್ನಾಯು ತಲುಪುವ ದಾರಿ ಒಬ್ಬೊಬ್ಬರಲ್ಲಿ ಒಂದೊಂದು. ಆ ಕವಲನ್ನು ಕತ್ತರಿಸದೆ ನಿಮ್ಮ ಅಧ್ಯಾಪಕರಿಗೆ ತೋರಿಸಿ.

ಮೊದಲು ಕೇಳಿದವರು: ಡಾಕ್ಟರೇ, ಮತ್ತೆ ಮಾಡಿಸಿದೆ. ಮೊಣಕೈಯಲ್ಲಿ ಮೀಡಿಯನ್ ನರಕ್ಕೆ ಕೊಟ್ಟಾಗ 4ರ ಹತ್ತಿರ ಬಂತು, ಮಣಿಕಟ್ಟಿನಲ್ಲಿ ಅದೇ ನರಕ್ಕೆ ಕೊಟ್ಟಾಗ ಏನೂ ಬರಲಿಲ್ಲ. ಎಡಗೈಯಲ್ಲೂ ಹೀಗೇ ಇರುತ್ತದೆಯೇ?

ಉತ್ತರ: ಹಾಗಾದರೆ ಇದು ಆ ಜೋಡಣೆಯೇ, ನರಕ್ಕೆ ತಡೆಯಲ್ಲ. ಎಡಗೈಯಲ್ಲಿ ಇದ್ದರೂ ಇರಬಹುದು, ಒಂದೇ ಕೈಯಲ್ಲಿರುವವರೂ ಇದ್ದಾರೆ. ಅದನ್ನು ತಿಳಿಯಲೆಂದೇ ಇನ್ನೊಮ್ಮೆ ವಿದ್ಯುತ್ ಹೊಡೆಸಿಕೊಳ್ಳಬೇಡಿ. ಈ ವರದಿಯನ್ನು ಮಾತ್ರ ಜೋಪಾನವಾಗಿಡಿ. ಮುಂದೆ ಆ ಕೈಗೆ ಗಾಯವಾದರೆ ನೋಡುವ ವೈದ್ಯರಿಗೆ ಮೊದಲೇ ತೋರಿಸಿ. ಮಣಿಕಟ್ಟಿನ ನೋವಿಗೆ ಕಾರಣ ಇನ್ನೂ ಸಿಕ್ಕಿಲ್ಲ. ಎಲ್ಲಿ ಒತ್ತಿದರೆ ನೋಯುತ್ತದೆ, ಹೇಳಿ.