ಮಾರ್ಕೆಟಿನ ಆಯಿಲ್ ಚೇಂಬರ್ ಹಾಕಿದ ಮೇಲೆ ಡಿಪ್‌ಸ್ಟಿಕ್ ನಂಬಬಹುದಾ?

ಕಡಲತಡಿ, ಕಾಪು:
ಉಪ್ಪುಗಾಳಿಗೆ ತುಕ್ಕು ಹಿಡಿದು, ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಹಳೆ ಚೇಂಬರ್ ತೂತಾಯ್ತು. ಕಂಪೆನಿಯದ್ದು ಸಿಗದೆ ಹೊರಗಿನದ್ದು ಹಾಕಿದ್ದು, ಆಳ ಸುಮಾರು 2 ಸೆಂ.ಮೀ. ಜಾಸ್ತಿ ಉಂಟು. ಪೆಟ್ರೋಲ್ ಇಂಜಿನ್, ಪುಸ್ತಕದಲ್ಲಿ ಫಿಲ್ಟರ್ ಸೇರಿ 3.5 ಲೀಟರ್. ಅಷ್ಟೇ ಅಳೆದು ಹೊಯ್ದರೆ ಆಯಿಲ್ ಮಟ್ಟ ನೋಡುವ ಸ್ಟಿಕ್ಕಿನ ಕೆಳಗಿನ ಗುರುತಿಗೂ ಮುಟ್ಟುವುದಿಲ್ಲ. ಲೀಟರ್ ಲೆಕ್ಕ ಹಿಡಿಯುವುದಾ, ಸ್ಟಿಕ್ ನೋಡುವುದಾ?

ಸ್ಪ್ಯಾನರ್14, ಸುರತ್ಕಲ್:
ಸ್ಟಿಕ್ ಇಳಿಯುವ ಪೈಪ್ ಎಲ್ಲಿ ಕೂತಿದೆ ನೋಡಿ. ಬ್ಲಾಕಿನಲ್ಲಿ, ಅಂದರೆ ಚೇಂಬರಿನ ಮೇಲಿರುವ ಇಂಜಿನ್ನಿನ ಮೈಯಲ್ಲಿ, ಇದ್ದರೆ ಸ್ಟಿಕ್ಕೇ ಸರಿ. ಒಳಗೆ ತಿರುಗುವ ದಂಡ ಕ್ರ್ಯಾಂಕಿನಿಂದ ಎಷ್ಟು ಕೆಳಗೆ ಆಯಿಲ್ ನಿಲ್ಲಬೇಕು ಅಂತ ಹೇಳುವ ಗುರುತು ಅದು. ಚೇಂಬರ್ ಬದಲಾದರೂ ಕ್ರ್ಯಾಂಕ್, ಪಂಪ್ ಆಯಿಲ್ ಎಳೆಯುವ ಜಾಲರಿ ಸ್ಟ್ರೈನರ್ ಎರಡೂ ಹಳೆ ಜಾಗದಲ್ಲೇ ಉಂಟಲ್ಲ. 3.5ಕ್ಕೇ ನಿಲ್ಲಿಸಿದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಹೋಗ್ತದೆ ಮಾರಾಯ್ರೆ. ಹಾಗಂತ ಗುರುತು ದಾಟಿಸಬೇಡಿ, ಕ್ರ್ಯಾಂಕ್ ಬಡಿದು ನೊರೆ ಬರುತ್ತದೆ.

ಇಂಜಿನ್ 2 ನಿಮಿಷ ಓಡಿಸಿ ಫಿಲ್ಟರ್ ತುಂಬಲಿ. ಆಫ್ ಮಾಡಿ 10 ನಿಮಿಷ ಬಿಡಿ. ಆಮೇಲೆ 250 ಮಿ.ಲೀ.ನಂತೆ ಹೊಯ್ಯುತ್ತಾ ಮೇಲಿನ ಗುರುತಿಗೆ ತನ್ನಿ. ಒಟ್ಟು ಎಷ್ಟು ಹಿಡಿಯಿತು ಬರೆದಿಡಿ, ನಿಮ್ಮ ಗಾಡಿಗೆ ಇನ್ನು ಅದೇ ಲೆಕ್ಕ.

ಬೈಂದೂರು_ಡೀಸೆಲ್:
ಪೈಪ್ ಚೇಂಬರಿನಲ್ಲೇ ಬೆಸುಗೆ ಆಗಿದ್ದರೆ ಹಳೆ ಗುರುತು ನಂಬಲಿಕ್ಕಿಲ್ಲ. ಹಳೆ ಚೇಂಬರಿಗೆ ಸ್ಟಿಕ್ ಹಾಕಿ, ಗ್ಯಾಸ್ಕೆಟ್ ಕೂರುವ ಅಂಚಿನಿಂದ ಮೇಲಿನ ಗುರುತು ಎಷ್ಟು ಮಿ.ಮೀ. ಕೆಳಗೆ ಅಂತ ಅಳೆಯಿರಿ. ಹೊಸದರಲ್ಲಿ ಅಷ್ಟೇ ಕೆಳಗೆ ಬರುವವರೆಗೆ ನೀರು ಹೊಯ್ದು ಸ್ಟಿಕ್ ಇಳಿಸಿ. ಒದ್ದೆಯಾದಲ್ಲಿ ಸಣ್ಣ ಅರದಿಂದ ತೆಳುವಾಗಿ ಗೀಚಿ; ಆಳ ಕೊರೆದರೆ ಮುಂದೆ ಅಲ್ಲೇ ಮುರಿಯುತ್ತದೆ. ಕೆಳಗಿನ ಗುರುತನ್ನೂ ಇದೇ ರೀತಿ ಮಾಡಿ. ಇಂಜಿನ್ ಓರೆಯಾಗಿ ಕೂತ ಗಾಡಿಯಾದರೆ ಚೇಂಬರನ್ನೂ ಅದೇ ಓರೆಯಲ್ಲಿ ಇಡಬೇಕು. ಕೊನೆಗೆ ನೀರು ಒಂದು ಹನಿಯೂ ಉಳಿಯದಂತೆ ಒಣಗಿಸಿ.

ಸ್ಟ್ರೈನರಿಗೂ ತಳಕ್ಕೂ ಸಾಮಾನ್ಯವಾಗಿ 6ರಿಂದ 10 ಮಿ.ಮೀ. ಸಂದು ಬೇಕು. ತಳದಲ್ಲಿ ಚಪಾತಿ ಹಿಟ್ಟಿನ ಉಂಡೆ ಇಟ್ಟು ಗ್ಯಾಸ್ಕೆಟ್ ಸಮೇತ ಚೇಂಬರ್ ಒತ್ತಿ ತೆಗೆದರೆ ದಪ್ಪ ಗೊತ್ತಾಗುತ್ತದೆ. ನಿಮ್ಮಲ್ಲಿ ಸಂದು ಜಾಸ್ತಿ, ಅಡಿಯ ಆಯಿಲ್ ಪಂಪಿಗೆ ಸಿಗುವುದಿಲ್ಲ ಅಷ್ಟೆ. ಆಳ ಕಮ್ಮಿ ಇರುವ ಚೇಂಬರಿನದ್ದೇ ನಿಜವಾದ ಅಪಾಯ. ಸ್ಟ್ರೈನರ್ ತಳಕ್ಕೆ ಒತ್ತಿ ನಿಂತರೆ ಸ್ಟಿಕ್ ಫುಲ್ ತೋರಿಸುವಾಗಲೂ ಪ್ರೆಶರ್ ಲೈಟ್ ಉರಿಯುತ್ತದೆ.

ಕಡಲತಡಿ, ಕಾಪು:
ಪೈಪ್ ಬ್ಲಾಕಿನಲ್ಲೇ ಉಂಟು. ಆದರೆ ಬೆಳಿಗ್ಗೆ ಒಂದು ತೋರಿಸ್ತದೆ, ಸಂಜೆ ಇನ್ನೊಂದು. ಅದೆಂತ?

ಸ್ಪ್ಯಾನರ್14, ಸುರತ್ಕಲ್:
ನೆಲ ಮತ್ತು ಬಿಸಿ. ಸ್ಟಿಕ್ ಚೇಂಬರಿನ ನಡುವಿನಿಂದ 15 ಸೆಂ.ಮೀ. ಆಚೆ ಇದ್ದರೆ, ಅತ್ತ ಬರೀ 3 ಡಿಗ್ರಿ ಇಳಿಜಾರಿಗೇ ಸುಮಾರು 8 ಮಿ.ಮೀ. ವ್ಯತ್ಯಾಸ. ನಮ್ಮ ಮುರಕಲ್ಲಿನ ಅಂಗಳಗಳಲ್ಲಿ ಅಷ್ಟು ಇಳಿಜಾರು ಕಣ್ಣಿಗೇ ಕಾಣುವುದಿಲ್ಲ. ಪೆಟ್ರೋಲ್ ಬಂಕಿನಲ್ಲೂ ನೀರು ಹರಿಯಲಿಕ್ಕೆ ಓರೆ ಕೊಟ್ಟಿರುತ್ತಾರೆ. ಮೇಸ್ತ್ರಿಯ ರಸಮಟ್ಟ ಇಟ್ಟು ಒಂದು ಜಾಗ ಗೊತ್ತುಮಾಡಿ, ಯಾವಾಗಲೂ ಅಲ್ಲೇ ನೋಡಿ. ಇನ್ನು ಬಿಸಿಯದ್ದು: 60 ಡಿಗ್ರಿ ಏರಿದರೆ ಆಯಿಲ್ ಶೇ. 4ರಷ್ಟು ಹಿಗ್ಗುತ್ತದೆ, 3.5 ಲೀಟರಿಗೆ ಸುಮಾರು 150 ಮಿ.ಲೀ. ಪುಸ್ತಕದಲ್ಲಿ ಬಿಸಿಯಲ್ಲಿ ನೋಡಿ ಅಂದಿದ್ದರೆ ಬಿಸಿಯಲ್ಲೇ, ತಣ್ಣಗೆ ಅಂದಿದ್ದರೆ ತಣ್ಣಗೇ ನೋಡಬೇಕು. ಮೊದಲ ಸಲ ಎಳೆದದ್ದನ್ನು ಲೆಕ್ಕಕ್ಕೆ ಇಡಬೇಡಿ, ಪೈಪಿನ ಗೋಡೆಯ ಆಯಿಲ್ ಮೆತ್ತಿರುತ್ತದೆ. ಒರಸಿ, ಪೂರ್ತಿ ಕೂರಿಸಿ, ಪುನಃ ಎಳೆಯಿರಿ. ಸ್ಟಿಕ್ಕಿನ ಎರಡು ಬದಿಯಲ್ಲಿ ಬೇರೆ ಬೇರೆ ಕಂಡರೆ ಕಮ್ಮಿ ಇರುವುದನ್ನು ಹಿಡಿಯಿರಿ.