ಅಪ್‌ಡೇಟ್: ಡಿ7500ರಲ್ಲಿ ಗರುಡಗಳು ಮಸುಕಾಗಿ ಬರ್ತಿದ್ದದ್ದು ಸರಿಯಾಯ್ತು

ನಿಕಾನ್ ಡಿ3100 ಕ್ಯಾಮೆರಾ ಬಿಟ್ಟು ಡಿ7500 ತಗೊಂಡ ಮೇಲೆ ಕಾರವಾರದ ಕಾಳಿ ಸೇತುವೆ ಹತ್ತಿರ ತೆಗೆದ ಗರುಡಗಳೆಲ್ಲ ಮಸುಕು ಅಂತ ಕೇಳಿದ್ದೆ, ಅಲ್ವಾ?

ಶಟರ್ ವೇಗ 1/2000 ಸೆಕೆಂಡಿಗೆ ಏರಿಸಿದೆ, ಯುವಿ ಫಿಲ್ಟರ್ ತೆಗೆದೆ. ಏನೂ ಬದಲಾಗಲಿಲ್ಲ. ಎಎಫ್ ಫೈನ್-ಟ್ಯೂನ್ (ಲೆನ್ಸಿಗೆ ತಕ್ಕಂತೆ ಆಟೋಫೋಕಸ್ ಅನ್ನು ಸ್ವಲ್ಪ ಹಿಂದೆ-ಮುಂದೆ ತಿದ್ದುವ ಸೆಟ್ಟಿಂಗ್) ನೋಡಿ ಎಂದವರ ಮಾತೇ ಸರಿ. ಬೈತಖೋಲ್ ಬಂದರಿನ ಫೋಟೋದಲ್ಲಿ ಹಕ್ಕಿಯ ಕಣ್ಣು ಮಸುಕು, ಹಿಂದಿನ ಬಲೆಯ ಗಂಟುಗಳು ಸ್ಪಷ್ಟ! ಅಂದ್ರೆ ಫೋಕಸ್ ಹಕ್ಕಿಯ ಹಿಂದೆ ಬೀಳ್ತಿತ್ತು.

ಮೆನುವಿನಲ್ಲಿ ಎಎಫ್ ಫೈನ್-ಟ್ಯೂನ್ ಆನ್ ಮಾಡಿ. ಟ್ರೈಪಾಡ್ ಮೇಲಿಟ್ಟು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಫೋಕಸ್ ಮಾಡಿ, ಎಎಫ್ ಮೋಡ್ ಬಟನ್, ವಿಡಿಯೋ ಬಟನ್ ಎರಡನ್ನೂ ಒಟ್ಟಿಗೆ 2 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಿರಿ. ಎಷ್ಟು ತಿದ್ದಬೇಕೆಂದು ಕ್ಯಾಮೆರಾವೇ ಲೆಕ್ಕ ಹಾಕುತ್ತದೆ. ಈಗ ರೆಕ್ಕೆಯ ಗೆರೆಗಳೂ ಕಾಣುತ್ತಿವೆ.

ಗೊತ್ತಿರದ ಒಂದು ವಿಷಯ: ಡಿ7500ರಲ್ಲಿ ಲೋ-ಪಾಸ್ ಫಿಲ್ಟರ್ (ಸೆನ್ಸರ್ ಮುಂದೆ ಇದ್ದು ಚಿತ್ರವನ್ನು ತುಸು ಮೃದುವಾಗಿಸುವ ಪದರ) ಇಲ್ಲ. ಹಾಗಾಗಿ ಸಣ್ಣ ಫೋಕಸ್ ದೋಷವೂ ಎದ್ದು ಕಾಣುತ್ತದೆ. ಮೋಡದ ದಿನ ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ) 3200ರಲ್ಲೂ ಚಿತ್ರ ಚೆನ್ನಾಗಿದೆ, ತುಂಬಾ ಖುಷಿಯಾಯ್ತು.